ಮೇಷ್ಟ್ರು ಸಾಗರಕ್ಕೆ ಬೆನ್ನು ಹಾಕಿದ್ದು

ಭೂಗೋಳದ ಮೇಷ್ಟ್ರು ಮಹಾಸಾಗರ ದಾಟುವ ಘೋಷಣೆ ಮಾಡಿದ್ದು ಒಂದು ಸೋಮವಾರ, ಸ್ಟಾಫ್ ರೂಮಿನಲ್ಲಿ, ಬಾಯಲ್ಲಿ ಅರ್ಧ ಬಿಸ್ಕತ್ತು ಇಟ್ಟುಕೊಂಡು. ಇಬ್ಬಿಬ್ಬರ ಜೋಡಿಯಾಗಿ ಹುಟ್ಟು ಹಾಕಿಕೊಂಡೇ ಸಾಗರ ದಾಟುವ ಸ್ಪರ್ಧೆಯ ಸುದ್ದಿಯನ್ನು ಹೆಡ್‌ಮೇಡಂ ಪತ್ರಿಕೆಯಿಂದ ಓದಿ ಹೇಳಿದ್ದರು. ಹೊಸಬರೂ ಸೇರಬಹುದು, ತಯಾರಿಗೆ ಒಂದು ವರ್ಷ ಸಮಯವಿದೆ ಎಂದಿತ್ತು. ಮೇಷ್ಟ್ರು ಬಿಸ್ಕತ್ತು ನುಂಗಿ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಸುಮ್ಮನಿರುವುದು ಅವರ ಜಾಯಮಾನವಲ್ಲ.

"ಇಪ್ಪತ್ತೆರಡು ವರ್ಷದಿಂದ ಸಮುದ್ರಗಳನ್ನ ಮೊಳೆಗೆ ನೇತುಹಾಕಿ ಪಾಠ ಮಾಡ್ತಿದ್ದೀನಿ ಮೇಡಂ. ಈ ಸಲ ಒಂದನ್ನ ದಾಟಿ ಬಂದು ಪಾಠ ಮಾಡ್ತೀನಿ."

ಪಿ.ಟಿ. ಮೇಷ್ಟ್ರು ಮೇಜು ಗುದ್ದಿ, ನಾನೂ ಜೋಡಿ ಎಂದರು. ಹೆಡ್‌ಮೇಡಂ ಅಲ್ಲೇ ಎರಡೂ ಹೆಸರು ಬರೆದುಕೊಂಡರು. ಈ ಇಬ್ಬರು ವೀರರೂ ಅದುವರೆಗೆ ಹತ್ತಿದ್ದ ಏಕೈಕ ನೌಕೆ ಎಂದರೆ ಪಾರ್ಕಿನ ಕೊಳದಲ್ಲಿ ತೇಲುವ, ಬಾತುಕೋಳಿ ಆಕಾರದ ಪೆಡಲ್ ದೋಣಿ!

ಮೇಷ್ಟ್ರ ಹೆಂಡತಿ ಮನೆಯಲ್ಲೇ ಕೂತು ಅಂಗಡಿಯೊಂದಕ್ಕೆ ಪರದೆ ಹೊಲಿದುಕೊಡುವವಳು. ಅವಳು ಸುದ್ದಿ ಕೇಳಿ ಹೌಹಾರಬಹುದು, ಬೇಡವೇ ಬೇಡ ಎನ್ನಬಹುದು ಎಂದು ಮೇಷ್ಟ್ರು ಒಳಗೊಳಗೇ ಎಣಿಸಿದ್ದರು. ಅವಳು ತುಟಿಯಲ್ಲಿ ಕಚ್ಚಿದ್ದ ಗುಂಡುಪಿನ್ನು ತೆಗೆದು, ಎಷ್ಟು ದಿನ ಹಿಡಿಯುತ್ತದೆ ಎಂದಷ್ಟೇ ಕೇಳಿದಳು. ಐವತ್ತು ದಿನ ಎಂದರು ಮೇಷ್ಟ್ರು.

"ಅಷ್ಟೂ ದಿನ ಕೂತೇ ಇರಬೇಕಾ?"

"ಕೂತೇ ಹುಟ್ಟು ಹಾಕಬೇಕು."

"ಹಾಗಾದ್ರೆ ಸ್ವಲ್ಪ ತಿರುಗಿ," ಎಂದು ಟೇಪು ಹಿಡಿದು ಅವರ ಆಸನಭಾಗದ ಅಳತೆ ತೆಗೆದುಕೊಂಡಳು. "ಒಂದು ಒಳ್ಳೆ ದಿಂಬು ಬೇಕಾಗುತ್ತೆ."

ಮರುದಿನದಿಂದ ಹಾಲ್‌ನಲ್ಲಿ ಸಾಗರ ತರಬೇತಿ ಶುರುವಾಯಿತು. ಮರದ ಬೆಂಚೇ ದೋಣಿ. ನೆಲ ಒರೆಸುವ ಎರಡು ಕೋಲುಗಳೇ ಹುಟ್ಟು. ಅವಕ್ಕೆ ಸೈಕಲ್ ಟ್ಯೂಬು ಕಟ್ಟಿ, ಟ್ಯೂಬಿನ ಇನ್ನೊಂದು ತುದಿಯನ್ನು ಬೆನ್ನ ಹಿಂದಿನ ಬಾಗಿಲ ಚಿಲಕಕ್ಕೆ ಬಿಗಿದರು. ಕಿಟಕಿಯತ್ತ ಮುಖ ಮಾಡಿ ಕೂತು, ಕೋಲುಗಳನ್ನು ಮುಂದಕ್ಕೆ ನೂಕಿದ್ದೇ ನೂಕಿದ್ದು. ಒಂದು ದಿನ ಹೆಂಡತಿ ಮೆಷಿನ್ ನಿಲ್ಲಿಸಿ, ಆ ಕಡೆ ತಿರುಗಿ ಕೂತು ಎಳೆದರೆ ಸುಲಭವಲ್ಲವೇ ಎಂದಳು. ದಿಕ್ಕಿನ ವಿಷಯ ನನಗೆ ಬಿಡು ಎಂದು ಮೇಷ್ಟ್ರು ಅವಳ ಬಾಯಿ ಮುಚ್ಚಿಸಿದರು. ಮುಂದಿನ ನೂಕಿಗೆ ಚಿಲಕ ಕಿತ್ತು ಬಂತು. ಮೇಷ್ಟ್ರು ಕೋಲುಸಮೇತ ಹಾರಿ ಕಿಟಕಿಯ ಪರದೆಯನ್ನು ತಬ್ಬಿಕೊಂಡರು. ಪರದೆ ಸರಳುಸಮೇತ ಅವರ ತಲೆಯ ಮೇಲೆ ಇಳಿಯಿತು.

ಇದರಿಂದಲೂ ಬುದ್ಧಿ ಬರಲಿಲ್ಲ. ಶಾಲೆಯ ಬೆಳಗಿನ ಅಸೆಂಬ್ಲಿಯಲ್ಲಿ ಆರುನೂರು ಮಕ್ಕಳನ್ನು ನೆಲದ ಮೇಲೆ ಕೂರಿಸಿ ತಮ್ಮ ವಿದ್ಯೆಯನ್ನು ಧಾರೆ ಎರೆದರು. ಆರುನೂರು ಮಕ್ಕಳೂ ಗಾಳಿಯನ್ನು ಮುಂದಕ್ಕೆ ನೂಕಿದರು. ಆಮೇಲೆ ದಾರಿಯಲ್ಲಿ ಎಲ್ಲಿ ಕಂಡರೂ ಮಕ್ಕಳು ಮೇಷ್ಟ್ರಿಗೆ ನಮಸ್ಕಾರದ ಬದಲು ಗಾಳಿ ನೂಕತೊಡಗಿದರು.

ಮೂರು ತಿಂಗಳ ಮೇಲೆ ಊರಾಚೆಯ ಕೆರೆಯಲ್ಲಿ ನಿಜವಾದ ದೋಣಿಯ ಪಾಠ. ಇಬ್ಬರೂ ಗಂಭೀರವಾಗಿ ಹತ್ತಿ, ದೋಣಿಯ ಮೂತಿಯ ಕಡೆ ಮುಖ ಮಾಡಿ ಕೂತರು. ದಡದಲ್ಲಿದ್ದ ಕೋಚ್ ಸೀಟಿ ಊದುವುದನ್ನು ಮರೆತು ನೋಡಿದ.

"ಸಾರ್, ಇಬ್ಬರೂ ಉಲ್ಟಾ ಕೂತಿದ್ದೀರಿ. ಹೋಗೋ ಕಡೆಗೆ ಬೆನ್ನು ಇರಬೇಕು. ಹುಟ್ಟನ್ನ ಎಳೀಬೇಕು, ನೂಕಬಾರದು."

"ಬೆನ್ನು ಹಾಕಿ ಕೂತ್ರೆ ಮುಂದಿರೋದು ಕಾಣೋದು ಹೇಗಪ್ಪಾ?"

"ಕಾಣಲ್ಲ ಸಾರ್. ಆಗಾಗ ತಿರುಗಿ ನೋಡ್ಕೋಬೇಕು."

ಇಪ್ಪತ್ತೆರಡು ವರ್ಷ ಮಕ್ಕಳಿಗೆ ದಿಕ್ಕು ಕಲಿಸಿದ ಮನುಷ್ಯ! ಮೇಷ್ಟ್ರಿಗೆ ಕೆರೆಗೆ ಅಲ್ಲೇ ಹಾರಿಬಿಡೋಣ ಎನ್ನಿಸಿತು, ಆದರೆ ಈಜು ಬರುತ್ತಿರಲಿಲ್ಲ. ಸಾಲದ್ದಕ್ಕೆ ಅಲುಗದ ಕೆರೆಯಲ್ಲೇ ಹೊಟ್ಟೆ ತೊಳಸಿ ಎರಡು ಸಲ ವಾಂತಿಯಾಯಿತು. ಅಂಗೈಯಲ್ಲಿ ಬೊಬ್ಬೆ ಎದ್ದು, ಮಾರನೇ ದಿನ ಬೋರ್ಡಿನ ಮೇಲೆ ಸೀಮೆಸುಣ್ಣ ಹಿಡಿಯಲಾಗದೆ ನಕಾಶೆಯನ್ನು ಬಾಯಲ್ಲೇ ವರ್ಣಿಸಿದರು.

ಹಿಂದೆ ಸರಿಯಬೇಕು, ಮರ್ಯಾದೆ ಮಾತ್ರ ಹೋಗಬಾರದು. ಅದಕ್ಕೆ ಮೇಷ್ಟ್ರು ಹಿಡಿದ ಉಪಾಯ ನೆನೆದರೆ ಅವರಿಗೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಮನೆಯಲ್ಲಿ ಹೆಂಡತಿ ಅಳುತ್ತಾಳೆ, ಹೋಗಬೇಡಿ ಎಂದು ಗೋಗರೆಯುತ್ತಾಳೆ ಎಂದು ಸ್ಟಾಫ್ ರೂಮಿನಲ್ಲಿ ನಿಟ್ಟುಸಿರುಬಿಟ್ಟರು. ಪ್ರತಿ ವಾರ ಆ ಅಳುವನ್ನು ಒಂದೊಂದು ಪಾವು ಏರಿಸುತ್ತ ಬಂದರು. ಮನೆಗೆ ಬಂದರೆ, ಕೋಚ್ ನನ್ನಂಥ ತೋಳು ನೋಡೇ ಇಲ್ಲವಂತೆ ಎಂದು ಹೆಂಡತಿಯ ಮುಂದೆ ಬೀಗುತ್ತಿದ್ದರು. ಅವಳು ಪಾಪ, ಮೂರು ಪದರ ಸ್ಪಂಜಿಗೆ ರೆಕ್ಸಿನ್ ಹೊದಿಸಿ ಹೊಲಿಯುತ್ತ ಕೂತಿರುತ್ತಿದ್ದಳು.

ಒಂದು ಭಾನುವಾರ ಇಬ್ಬರೂ ಕೆರೆಯ ನಡುವಿನಿಂದ ದಡದ ಕಡೆ ವಾಪಸು ಬರುತ್ತಿದ್ದರು. ಈಗ ಸರಿಯಾಗಿ ಕೂತಿದ್ದರು, ದಡಕ್ಕೆ ಬೆನ್ನು ಹಾಕಿ. ಮುಂದೆ ಕಾಣುತ್ತಿದ್ದದ್ದು ಬರೀ ನೀರು. ಪಿ.ಟಿ. ಮೇಷ್ಟ್ರು, ನಿಮ್ಮ ಮನೆಯವರು ಇನ್ನೂ ಅಳುತ್ತಿದ್ದಾರಾ ಎಂದು ವಿಚಾರಿಸಿದರು. ಸುತ್ತ ನರಪಿಳ್ಳೆಯೂ ಇಲ್ಲ ಎಂಬ ಧೈರ್ಯದಲ್ಲಿ ಮೇಷ್ಟ್ರ ಬಾಯಿಂದ ನಿಜ ಹೊರಬಿತ್ತು.

"ಅವಳೆಲ್ಲಿ ಅಳ್ತಾಳೆ ಸಾರ್! ಖುಷಿಯಾಗಿ ದಿಂಬು ಹೊಲೀತಿದ್ದಾಳೆ. ಭಯ ನನಗೇ. ಮುಂದಿನ ವಾರ ಅವಳ ಹೆಸರು ಹೇಳಿ ಕೈ ಎತ್ತಿಬಿಡ್ತೀನಿ. ಅವಳಿಗೇನು ಗೊತ್ತಾಗುತ್ತೆ?"

"ಅಯ್ಯೋ, ನಾನೂ ನಮ್ಮಮ್ಮ ಅಳ್ತಾರೆ ಅಂತ ಹೇಳಿಟ್ಟಿದ್ದೀನಲ್ಲ," ಎಂದರು ಪಿ.ಟಿ. ಮೇಷ್ಟ್ರು ಹಗುರಾಗಿ.

ಇಬ್ಬರೂ ಮನಸಾರೆ ನಕ್ಕು ಎಳೆದ ಎಳೆತಕ್ಕೆ ದೋಣಿ ಢಬ್ಬೆಂದು ದಡದ ಹಲಗೆಯ ಕಟ್ಟೆಗೆ ಬಡಿಯಿತು. ತಿರುಗಿ ನೋಡಿದರೆ ಕಟ್ಟೆಯ ತುದಿಯಲ್ಲಿ ಹೆಂಡತಿ! ಎದೆಗವಚಿಕೊಂಡ ಹೊಸ ದಿಂಬು. ದೂರದಲ್ಲಿ ಬಸ್ಸಿನಿಂದ ಹೆಡ್‌ಮೇಡಂ ಮತ್ತು ಹುರಿದುಂಬಿಸಲು ಬಂದ ಮಕ್ಕಳು ಇಳಿಯುತ್ತಿದ್ದರು. ನೀರಿನ ಮೇಲೆ ಮಾತು ಎಷ್ಟು ದೂರ ಕೇಳಿಸುತ್ತದೆ ಎಂಬುದು ಭೂಗೋಳದ ಮೇಷ್ಟ್ರಿಗೆ ಗೊತ್ತಿರಬೇಕಿತ್ತು.

ಹೆಡ್‌ಮೇಡಂ ಓಡೋಡಿ ಬಂದು ಮೇಷ್ಟ್ರ ಹೆಂಡತಿಯ ಭುಜ ಹಿಡಿದು, ಧೈರ್ಯ ತಂದುಕೊಳ್ಳಿ, ನಗುತ್ತಾ ಕಳಿಸಿಕೊಡಿ ಎಂದರು. ಅವಳು ಒಂದು ಸಲ ಗಂಡನನ್ನು ನೋಡಿದಳು. ಆಮೇಲೆ ದಿಂಬಿನಲ್ಲಿ ಮುಖ ಹುದುಗಿಸಿದಳು.

"ಇಲ್ಲ ಮೇಡಂ. ಇವರನ್ನ ಕಳಿಸೋಕೆ ನನ್ನಿಂದ ಆಗಲ್ಲ."

ಮಕ್ಕಳು ಲೊಚಗುಟ್ಟಿದರು. ಹೆಡ್‌ಮೇಡಂ ಅಲ್ಲೇ ಕರಗಿ ನೀರಾಗಿ, ಸ್ಪರ್ಧೆಯ ಪಟ್ಟಿಯಿಂದ ಇಬ್ಬರ ಹೆಸರನ್ನೂ ಹೊಡೆದುಹಾಕುವುದಾಗಿ ಹೇಳಿದರು. ಮೇಷ್ಟ್ರ ಮಾನ ಉಳಿಯಿತು. ಅದನ್ನು ಉಳಿಸಿದವಳ ಮುಖ ನೋಡುವ ಯೋಗ್ಯತೆ ಮಾತ್ರ ಅವರಿಗೆ ಉಳಿದಿರಲಿಲ್ಲ.

ಮನೆಗೆ ಮರಳುವ ಬಸ್ಸಿನಲ್ಲಿ ದಿಂಬು ಗಂಡ ಹೆಂಡತಿಯ ನಡುವೆ ಕೂತಿತ್ತು. ಅರ್ಧ ದಾರಿಗೆ ಅವಳೇ ಮಾತಾಡಿದಳು.

"ಹನ್ನೊಂದು ದಿನ ಹೊಲಿದೆ ಕಣ್ರೀ. ದಿನಾ ಹೊಲೀವಾಗ, ಹೋಗಬೇಡಿ ಅಂತ ಹೇಳಿಬಿಡ್ಲಾ ಅಂತ ಬಾಯಿಗೆ ಬರ್ತಿತ್ತು. ನಿಮ್ಮ ಆಸೆಗೆ ಕಲ್ಲು ಹಾಕಬಾರದು ಅಂತ ನುಂಗಿಕೊಂಡೆ. ಭಯ ಆಗುತ್ತೆ ಅಂತ ನನ್ನ ಹತ್ರ ಒಂದು ಮಾತು ಹೇಳಬಾರದಿತ್ತಾ?"

ಮೇಷ್ಟ್ರು ದಿಂಬಿನ ಮೇಲೆ ಕೈಯಿಟ್ಟರೆ ರೆಕ್ಸಿನ್ ಒದ್ದೆಯಾಗಿತ್ತು.

ಮರುದಿನ ಯಾರೂ ಹೇಳದೆ ಅವರೇ ಅಸೆಂಬ್ಲಿಯಲ್ಲಿ ಎದ್ದು ನಿಂತರು. ನೆಲದ ಮೇಲೆ ಆರುನೂರು ಮಕ್ಕಳು, ಪಕ್ಕದಲ್ಲಿ ಹೆಡ್‌ಮೇಡಂ. ಹೆಂಡತಿಯ ವಿಷಯಕ್ಕೆ ಬರುವ ಮುನ್ನ ಚಿಕ್ಕ ತಪ್ಪಿನಿಂದ ಶುರುಮಾಡೋಣವೆಂದು ಗಂಟಲು ಸರಿಮಾಡಿಕೊಂಡರು.

"ಮಕ್ಕಳೇ, ನಾನು ಹೇಳಿಕೊಟ್ಟದ್ದು ತಪ್ಪು. ಹುಟ್ಟು ಹಾಕೋವಾಗ ಹಿಂದೆ ತಿರುಗಿ ಕೂರಬೇಕು."

ಹೇಳಿದ್ದೇ ತಡ, ಆರುನೂರು ಮಕ್ಕಳೂ ಸರಕ್ಕನೆ ತಿರುಗಿ ಅವರಿಗೆ ಬೆನ್ನು ಹಾಕಿ ಕೂತರು. ಆ ಬೆನ್ನುಗಳಿಗೆ ಮೇಷ್ಟ್ರು ಉಳಿದದ್ದನ್ನೆಲ್ಲ ಒಪ್ಪಿಸಿದರು: ನಮ್ಮ ಮನೆಯಲ್ಲಿ ಹೆದರಿದ್ದು ಹೆಂಡತಿಯಲ್ಲ, ನಾನು, ಸುಳ್ಳು ಹೇಳಿದ್ದೂ ನಾನೇ. ಹೆಡ್‌ಮೇಡಂ ಕನ್ನಡಕ ತೆಗೆದು ಒರೆಸತೊಡಗಿದರು.

ಕೊನೆಗೆ ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ಅತ್ತ ಕಡೆ ಮುಖ ಇಟ್ಟುಕೊಂಡೇ ಕೈ ಎತ್ತಿದಳು.

"ಸಾರ್, ಈಗ ಈ ಕಡೆ ತಿರುಗಬಹುದಾ?"

"ಬೇಡ ಮರಿ," ಎಂದರು ಮೇಷ್ಟ್ರು. "ಇನ್ನೂ ಸ್ವಲ್ಪ ಹೊತ್ತು ಹಾಗೇ ಇರಿ."