ಒಂದು ಟೈಲ್ಸೂ ಹೆಚ್ಚಿರಬಾರದು

ನಿಯಮ ಹಾಕುವವನ ಸುತ್ತಲೇ ಇಂಥ ಫಜೀತಿಗಳು ನಡೆಯುತ್ತಿರುತ್ತವೆ. 'ಚಲ್ತಾ ಹೈ', ನಡೆಯುತ್ತೆ ಬಿಡು ಎನ್ನುವವರಿಗೆ ಏನೂ ಆಗುವುದಿಲ್ಲ. ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದಕ್ಕೆ ಪ್ಯಾಕಿಂಗ್ ಕಟ್ಟಡ ಕಟ್ಟಿಸುವುದು ನನ್ನ ಉಸ್ತುವಾರಿಯಲ್ಲಿತ್ತು. ಔಷಧ ಇಲಾಖೆಯ ತಪಾಸಣೆಯ ದಿನಕ್ಕೆ ಅದು ಮುಗಿಯದಿದ್ದರೆ ಮುಂದಿನ ಕಟ್ಟಡ ಬೇರೆಯವರಿಗೆ, ನನಗೆ ಮನೆಯ ದಾರಿ. ಹಿಮಾಯತ್‌ನಗರದ ಆಫೀಸಿನಲ್ಲಿ ದೊಡ್ಡ ಸಾಹೇಬರು ಹಾಗೆಂದು ಮೊದಲೇ ಹೇಳಿದ್ದರು. ನಾನು 'ಲೀನ್' ಪದ್ಧತಿ ಜಾರಿಗೆ ತಂದೆ: ದಂಡದ ಕೆಲಸ, ದಂಡದ ಮಾಲು, ದಂಡದ ಮಾತು ಎಲ್ಲ ಬಂದ್.

ನಿಂತ ಮೀಟಿಂಗು

ಬೆಳಗ್ಗೆ ಹತ್ತೇ ನಿಮಿಷ, ನಿಂತುಕೊಂಡೇ ಮೀಟಿಂಗು. ಕೂತರೆ ಮಾತು ಬೆಳೆಯುತ್ತದೆ. ಮೊದಲ ದಿನ ಯಾದಗಿರಿ ಕಡೆಯ ಹನ್ನೆರಡು ಕೆಲಸಗಾರರನ್ನು ಸಾಲಾಗಿ ನಿಲ್ಲಿಸಿ, "ನಿನ್ನಿ ಏನಾತು, ಇವತ್ತೇನು ಅಡಚಣಿ ಐತಿ, ಹೇಳ್ರಿ" ಎಂದೆ. ಅವರ ಮೇಸ್ತ್ರಿ ಮುಂದೆ ಬಂದ.

"ಸಾಹೇಬ್ರ, ಯಾರನ್ನ ತೆಗೀತೀರಿ ಒಮ್ಮಿಗೇ ಹೇಳಿಬಿಡ್ರಿ. ಉಳದವ್ರು ಕೆಲಸಕ್ಕ ಹೋಗ್ತಾರ."

"ಯಾರನ್ನೂ ತೆಗಿಯೂದಿಲ್ಲ!"

ಉಸ್ಸಪ್ಪಾ ಎಂದು ಹನ್ನೆರಡೂ ಜನ ಅಲ್ಲೇ ಕೂತುಬಿಟ್ಟರು.

ಹಳದಿ ಚೀಟಿ

ಆಮೇಲೆ ಒಂದು ಬೋರ್ಡು ಹಾಕಿಸಿದೆ. 'ಮಾಡಬೇಕು', 'ನಡೆದಿದೆ', 'ಮುಗಿದಿದೆ' ಎಂದು ಮೂರು ಸಾಲು. ಕೆಲಸಕ್ಕೊಂದು ಹಳದಿ ಚೀಟಿ. ಕೆಲಸ ಮುಂದುವರಿದಂತೆ ಚೀಟಿಯೂ ಮುಂದಿನ ಸಾಲಿಗೆ.

ಒಂದು ಸೋಮವಾರ ನೋಡುತ್ತೇನೆ, ಅಷ್ಟೂ ಚೀಟಿ 'ಮುಗಿದಿದೆ'ಯಲ್ಲಿ! ಫೋಟೋ ತೆಗೆದು ದೊಡ್ಡ ಸಾಹೇಬರಿಗೆ ಕಳಿಸಿದೆ. "ಶಾಭಾಸ್" ಎಂದು ಉತ್ತರವೂ ಬಂತು. ಒಳಗೆ ಹೋದರೆ ಗೋಡೆಗೆ ಬಣ್ಣವೇ ಬಿದ್ದಿಲ್ಲ.

"ಚೀಟಿ ಹಚ್ಚಿದವ್ರು ಯಾರು?"

"ನಾನರೀ" ಎಂದಳು ಕಸ ಗುಡಿಸುವಾಕೆ. "ಗಾಳಿಗಿ ಎಲ್ಲಾ ಉದುರಿದ್ವು. ನಿಮ್ಮ ಮಂದಿ ಆ ಕಡೀಗಿ ಒಂದೂ ಹಚ್ಚಿರ್ಲಿಲ್ಲ ನೋಡ್ರಿ, ಪಾಪ ಖಾಲಿ ಕಾಣಾಕತ್ತಿತ್ತು."

ಕಂಬಳಿಯ ಕೆಳಗೆ

ಮೂರನೆಯದು ನನ್ನ ಕಟ್ಟುನಿಟ್ಟಿನ ನಿಯಮ. ಮಾಲು ಬೇಕಾದ ದಿನವೇ ಬರಬೇಕು, ಒಂದು ಟೈಲ್ಸೂ ಹೆಚ್ಚಿರಬಾರದು.

"ನಾಕು ಡಬ್ಬಿ ಇರ್ಲಿರಿ, ಟೈಲ್ಸ್ ಒಡೀತಾವ" ಎಂದ ಮೇಸ್ತ್ರಿ.

"ಒಡೀದಂಗ ಕೆಲಸ ಮಾಡ್ರಿ" ಎಂದು, ಹೆಚ್ಚಿನದನ್ನೆಲ್ಲ ಅಂಗಡಿಗೆ ವಾಪಸು ಕಳಿಸಲು ಹೇಳಿದೆ.

ತಪಾಸಣೆಯ ಹಿಂದಿನ ಮಧ್ಯಾಹ್ನ, ಕೊನೆಯ ಸಾಲಿಗೆಂದು ತಂದ ಡಬ್ಬಿಗಳು ಇಳಿಸುವಾಗ ಕೈಜಾರಿ ಬಿದ್ದವು. ಒಂದೂ ಉಳಿಯಲಿಲ್ಲ. ಅಂಗಡಿಗೆ ಫೋನ್ ಮಾಡಿದರೆ, ಅಲ್ಲಿ ಮಾಲು ಖಾಲಿ, ತರುವ ಲಾರಿ ಶಂಶಾಬಾದ್ ಹತ್ತಿರ ಟ್ರಾಫಿಕ್‌ನಲ್ಲಿ ನಿಂತಿದೆಯಂತೆ. "ರೇಪು ಪಂಪಿಸ್ತಾಂ ಸಾರ್!" ನಾಳೆ ಕಳಿಸುತ್ತಾನಂತೆ. ನಾಳೆ ಬೆಳಗ್ಗೆಯೇ ತಪಾಸಣೆ!

ಸೈಟಿನ ಶೆಡ್ಡಿನಲ್ಲಿ ನಾನು ದಿನವೂ ಕೂರುವ ಕಟ್ಟೆಯ ಮೇಲೆ ಕೂತು, ಮನೆಯಲ್ಲಿ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಮೇಸ್ತ್ರಿ ಬಂದ.

"ಸ್ವಲ್ಪ ಏಳ್ರಿ ಸಾಹೇಬ್ರ."

ಎದ್ದೆ. ನಾನು ಕೂತಿದ್ದ ಕಟ್ಟೆಯ ಮೇಲಿನ ಕಂಬಳಿ ಎಳೆದ. ಕಟ್ಟೆಯೆಲ್ಲಿ? ಆರು ಡಬ್ಬಿ ಟೈಲ್ಸು!

"ಇವನ್ನ ವಾಪಸ್ ಕಳಸ್ಲಿಲ್ಲೇನು?"

"ತಿಂಗಳಿಂದ ಕಳಸಾಕ ನೋಡಾಕತ್ತೀನ್ರಿ. ನೀವು ಏಳ್ಬೇಕಲ್ರಿ!"

ಸಂಜೆಯೊಳಗೆ ಕೊನೆಯ ಸಾಲು ಮುಗಿಯಿತು. ಮರುದಿನ ತಪಾಸಣೆಯೂ ಪಾಸಾಯಿತು. ಎಷ್ಟೋ ವಾರಗಳ ಮೇಲೆ ನೆಮ್ಮದಿಯಿಂದ ಒಂದು ಚಹಾ ಕುಡಿದೆ. ದೊಡ್ಡ ಸಾಹೇಬರು ಬೆನ್ನು ತಟ್ಟಿ, "ಮುಂದಿನ ಕಟ್ಟಡವೂ ನಿಮ್ಮದೇ. ಅಲ್ಲಿ ಹೆಚ್ಚುವರಿ ಮಾಲು ಎಷ್ಟು ಇಡ್ತೀರಿ?" ಎಂದು ಕೇಳಿದರು.

ನಾನು ಸುಳ್ಳು ಹೇಳುವವನಲ್ಲ.

"ಒಬ್ಬ ಮನುಷ್ಯ ಕೂರುವಷ್ಟು, ಸಾರ್" ಎಂದೆ.