ಹರಕೆ ಅತ್ತೆಯದು, ಕಾಲು ನನ್ನದು

ನಮ್ಮ ಮನೆಗೆ ಹೊಸ ಚಪ್ಪಲಿ ಒಂಟಿಯಾಗಿ ಬರುವುದಿಲ್ಲ, ಒಂದು ರಾದ್ಧಾಂತವನ್ನೂ ಜೊತೆಗೆ ಕರೆದುಕೊಂಡೇ ಬರುತ್ತದೆ. ಮೊನ್ನೆ ಮಗಳಿಗೆ ಸ್ಕೂಲ್ ಬೂಟು ತಂದೆವು. ಮಂಡಿನೋವಿನಿಂದ ಕಟ್ಟೆ ಹಿಡಿದು ಕೂತಿರುವ ಅತ್ತೆ ಅಲ್ಲಿಂದಲೇ, "ಹಿಮ್ಮಡಿ ಹತ್ರ ಒತ್ತಿ ನೋಡು, ಬಿರುಸೈತೇನು? ಹರಳೆಣ್ಣಿ ತಗೊಂಬಾ" ಅಂದರು. ಬಾಟಲಿ ಮುಚ್ಚಳ ತೆಗೆದದ್ದೇ ತಡ, ಆ ವಾಸನೆಗೆ ಹಳೆಯದೆಲ್ಲ ಎದ್ದು ಕೂತಿತು.

ಅಪ್ಪನ ಎಣ್ಣೆಸ್ನಾನ

ನನ್ನ ತವರು ಮಡಕಶಿರಾ ಕಡೆ, ಗುಡಿಬಂಡೆ ಹತ್ತಿರದ ಒಂದು ಹಳ್ಳಿ. ನಮ್ಮಪ್ಪ ಬಸ್ಸು ಎದುರಿಗೆ ಬಂದು ನಿಂತರೂ ಹತ್ತದೆ ನಡೆದು ಹೋಗುವ ಮನುಷ್ಯ. ಹಿಪ್ಪುನೇರಳೆ ಸೊಪ್ಪಿಗೂ ನಡಿಗೆ, ನೆಂಟರ ಮನೆಗೂ ನಡಿಗೆ. ಹೊಸ ಚಪ್ಪಲಿ ತಂದರೆ ಅವರು ಅದನ್ನು ಕೂಡಲೇ ಮೆಟ್ಟುತ್ತಿರಲಿಲ್ಲ. ಹರಳೆಣ್ಣೆ ಸವರಿ, ಬಿಸಿಲಿಗಿಟ್ಟು, ಒಣಗಿದ ಮೇಲೆ ಮತ್ತೆ ಸವರಿ, ಬಾರನ್ನು ಮಗುವಿನ ಕಾಲು ನೀವಿದಂತೆ ನೀವುತ್ತಿದ್ದರು. ನಮ್ಮ ತಲೆಗೆ ಎಣ್ಣೆ ಹಚ್ಚುವಾಗ ಬೆರಳ ತುದಿ ಅದ್ದುವ ಅಮ್ಮ ಇದನ್ನು ನೋಡಿ ಉರಿದುಬೀಳುತ್ತಿದ್ದಳು. "ಮಕ್ಕಳಿಗಿಲ್ಲದ ಎಣ್ಣೆಸ್ನಾನ ಮೆಟ್ಟಿಗಾ?"

"ಚಪ್ಪಲಿ ಮೆತ್ತಗಾಗ್ಬೇಕು ಕಣೆ. ಇಲ್ದಿದ್ರೆ ಕಾಲು ಮೆತ್ತಗಾಗ್ತದೆ" ಅನ್ನುತ್ತಿದ್ದರು ಅಪ್ಪ.

ಒಂದು ಸಲ ಚಿಕ್ಕಮ್ಮನ ಮದುವೆ ಮಾತಿಗೆ ದೂರದ ಊರಿಗೆ ನಡೆಯಬೇಕಿತ್ತು. ಅಪ್ಪ ಹೊಸ ಜೋಡಿಗೆ ಎಣ್ಣೆ ಕುಡಿಸಿ ಅಂಗಳದಲ್ಲಿಟ್ಟರು. ಎಣ್ಣೆಯಲ್ಲಿ ನೆನೆದ ತೊಗಲು ನಾಯಿಗೆ ಹಬ್ಬದೂಟವಲ್ಲವೇ? ಬೆಳಿಗ್ಗೆ ನೋಡಿದರೆ ಎಡಗಾಲಿನದು ಮಾಯ. ಬೀದಿ ನಾಯಿ ಹುಣಸೆಮರದ ಕೆಳಗೆ ಕೂತು ಕೊನೆಯ ಬಾರನ್ನು ಸೀಪುತ್ತಿತ್ತು. ಅಪ್ಪ ಬಲಗಾಲಿಗೆ ಹೊಸದು, ಎಡಗಾಲಿಗೆ ಹಳೆಯದು ಮೆಟ್ಟಿಕೊಂಡು ಹೊರಟೇಬಿಟ್ಟರು. ಮಾನ ಹೋಯಿತು ಅಂತ ಅಮ್ಮ ದಿನವಿಡೀ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಅಪ್ಪ ತೀರಿಕೊಂಡು ಕೆಲವು ವರ್ಷಗಳಾದವು. ಈಗಲೂ ಹರಳೆಣ್ಣೆ ವಾಸನೆ ಬಂದರೆ ಅವರು ಬಾಗಿಲ ಹೊರಗೆ ಚಪ್ಪಲಿ ಬಿಡುತ್ತಿದ್ದಾರೆ ಅನ್ನಿಸಿ ತಿರುಗಿ ನೋಡುತ್ತೇನೆ. ಜೋಡಿಯಲ್ಲದ ಚಪ್ಪಲಿಯಲ್ಲಿ ಹೋದ ಆವತ್ತು ಸಂಜೆ ಅವರು ನಗುತ್ತಲೇ ಬಂದಿದ್ದರು. "ಮಾತು ಕುದುರಿತು. ವಾಪಸ್ ಹೊರಡೋವಾಗ ಬಾಗಿಲಲ್ಲಿ ಎಲ್ಲರ ಚಪ್ಪಲಿನೂ ಅದಲುಬದಲಾಗಿತ್ತು. ನನ್ನದನ್ನ ಮಾತ್ರ ಯಾರೂ ಮುಟ್ಟಿರಲಿಲ್ಲ. ಇನ್ಮೇಲೆ ದೇವಸ್ಥಾನಕ್ಕೂ ಇದನ್ನೇ ಹಾಕ್ಕೊಂಡು ಹೋಗ್ತೀನಿ."

ಗಂಡನೋ, ಬೂಟೋ

ಮದುವೆಯಾಗಿ ನಾನು ರಾಯದುರ್ಗಕ್ಕೆ ಬಂದೆ. ಗಂಡ ರಾಯದುರ್ಗದಿಂದ ಗುಮ್ಮಘಟ್ಟಕ್ಕೆ ಶೇರ್ ಆಟೋ ಓಡಿಸುತ್ತಾರೆ. ಮಗಳು ಹುಟ್ಟಿದಳು. ಅವಳ ಓರಗೆಯ ಮಕ್ಕಳೆಲ್ಲ ಬೀದಿ ಸುತ್ತತೊಡಗಿದರೂ ಇವಳು ಕೂತಲ್ಲೇ ರಾಣಿ. ಡಾಕ್ಟರು "ಏನೂ ತೊಂದರೆಯಿಲ್ಲ, ನಡೀತಾಳೆ" ಅಂದರು. ಬೀದಿಯವರು ಬೇರೆ ಏನೇನೋ ಅಂದರು. ನಾನು ಎಲ್ಲರಿಗೂ ಬಾಯಿಗೆ ಬಂದಂತೆ ಉತ್ತರ ಕೊಟ್ಟು, ಒಳಗೆ ಬಂದು ಅವಳ ಪಾದ ಹಿಡಿದು ಕೂರುತ್ತಿದ್ದೆ. ಅತ್ತೆ ಯಾರಿಗೂ ಹೇಳದೆ ಬೆಟ್ಟದ ದೇವರಿಗೆ ಹರಕೆ ಹೊತ್ತರು. ಮಗಳು ಒಂದು ದಿನ ಎದ್ದು, ನೆಟ್ಟಗೆ ಅಡುಗೆಮನೆಗೆ ನಡೆದು, ಬೆಲ್ಲದ ಡಬ್ಬಿ ಕೆಡವಿದಳು.

ನಾನು ಖುಷಿಯಲ್ಲಿ ಅಳುತ್ತಿದ್ದಾಗ ಅತ್ತೆ ಕಣ್ಣೊರೆಸಿಕೊಂಡು ಹೇಳಿದರು. "ಕೂಸು ನಡೆದ್ರ ಸೊಸೀನ ಕರ್ಕೊಂಡು ನಡಕೊಂತ ಬರ್ತೀನಿ ಅಂತ ಬೇಡಿಕೊಂಡಿದ್ದೆ. ದಾರ್ಯಾಗ ಗಾಡಿ ಹತ್ತಂಗಿಲ್ಲ. ಹತ್ತಿದ್ರ ಮತ್ತ ಮನಿ ಹೊಸ್ತಿಲಿಂದ ಶುರು ಮಾಡಬೇಕು."

"ಅತ್ತೆ, ಹರಕೆ ನಿಮ್ದು. ನನ್ನ ಕಾಲು ಯಾಕೆ ಬರೆದುಕೊಟ್ರಿ?"

"ನನ್ನವು ಹಳೇವು ಅದಾವ. ದೇವ್ರು ಒಪ್ಪತಾನೋ ಇಲ್ಲೋ ಅಂತ ನಿನ್ನವೂ ಸೇರಿಸಿದೆ."

ಬೆಟ್ಟ ಸಮೀಪದ್ದಲ್ಲ, ದಾರಿಯಲ್ಲಿ ಎರಡು ಕಡೆ ತಂಗಬೇಕು. ಗಂಡ ಪ್ರೀತಿಯಿಂದ ಓಡುವವರು ಹಾಕುವಂಥ ಬೂಟು ತಂದುಕೊಟ್ಟರು. ಹಾಕಿಕೊಂಡು ಮಾಳಿಗೆಯ ಮೇಲೆ ನಾಲ್ಕು ಸುತ್ತು ಹೊಡೆದೆ, ಅಷ್ಟೇ. ಕಾಲುಂಗುರ ಒತ್ತಿ ಎರಡು ಬೆರಳಲ್ಲೂ ನೀರುಗುಳ್ಳೆ ಎದ್ದವು. ಕಾಲುಂಗುರ ತೆಗೆದಿಡುತ್ತೇನೆ ಅಂದದ್ದೇ ತಪ್ಪಾಯಿತು. ಅತ್ತೆ ಎದೆ ಹಿಡಿದುಕೊಂಡರು.

"ಗಂಡ ಬದುಕಿರಾಗ ಕಾಲುಂಗುರ ತೆಗೀತಾರೇನು? ನಿಂಗ ಗಂಡ ಬೇಕೋ, ಬೂಟು ಬೇಕೋ?"

ಗಂಡ ಬಾಗಿಲಲ್ಲೇ ನಿಂತಿದ್ದರು. ನಾನು ಬೂಟನ್ನೂ ನೋಡಿದೆ, ಅವರನ್ನೂ ನೋಡಿದೆ.

"ಎರಡು ದಿನ ಟೈಮ್ ಕೊಡಿ ಅತ್ತೆ, ಯೋಚನೆ ಮಾಡಿ ಹೇಳ್ತೀನಿ."

ಅದು ಕಚ್ಚುವ ಮೊದಲು

ಬೂಟು ಮೂಲೆ ಸೇರಿತು. "ನಮ್ಮ ಕಡೆ ಕುರಿಯವರು ಊರೂರು ತಿರುಗ್ತಾರಲ್ಲ, ಅವರ ಕಾಲಾಗ ಏನಿರತೈತಿ ನೋಡಿಯೇನು?" ಅಂದ ಅತ್ತೆ, ಬಜಾರಿನ ಚಪ್ಪಲಿ ಹೊಲಿಯುವವನ ಹತ್ತಿರ ನಮ್ಮಿಬ್ಬರಿಗೂ ಟೈರಿನ ಚಪ್ಪಲಿ ಮಾಡಿಸಿದರು. ಟೈರು ಎಲ್ಲಿಂದ ತಂದಿರಿ ಅಂದರೆ, "ಮನ್ಯಾಗ ಸುಮ್ನ ಕುಂತಿತ್ತು" ಅಂದರು. ಮನೆಯಲ್ಲಿ ಸುಮ್ಮನೆ ಕೂತದ್ದು ಅತ್ತೆಯ ಕಣ್ಣಿಗೆ ಬಿದ್ದರೆ ಉಳಿಯುವುದಿಲ್ಲ ಅಂತ ನನಗೂ ಗೊತ್ತಿತ್ತು, ಹೆಚ್ಚು ಕೇಳಲಿಲ್ಲ.

ತೊಗಲಿನ ಬಾರುಗಳಿಗೆ ಹರಳೆಣ್ಣೆ ಹಚ್ಚುವ ಕೆಲಸ ನನ್ನದು. ಅಪ್ಪ ಮಾಡಿದಂತೆಯೇ ಮಾಡಿದೆ. ಈ ಸಲ ನಾಯಿಗೆ ಸಿಗದಂತೆ ಗಿಳಿಗೂಟಕ್ಕೆ ತೂಗುಹಾಕಿದೆ. ಗಂಡ ನೋಡಿ ನಕ್ಕರು. "ನಿನಗೂ ಒಂದು ಜೋಡಿ ಮಾಡಿಸ್ಲೇನು?" ಅಂತ ಅತ್ತೆ ಕೇಳಿದ್ದಕ್ಕೆ, "ನಾ ಗಾಡಿ ಓಡಿಸ್ಕೊಂತ ನಿಮ್ಮ ಹಿಂದ ಬರಾವ. ನಂಗ್ಯಾಕ ಬೇ ಯವ್ವ, ಈ ಎಣ್ಣಿ ಸೇವಾ?" ಅಂದರು.

ಹೊರಡುವ ಹಿಂದಿನ ದಿನ ಅತ್ತೆ ಚಪ್ಪಲಿ ತೊಳೆದು ನನ್ನ ಕೈಗೆ ಕೊಟ್ಟು, "ಹೂಂ, ಕಚ್ಚು" ಅಂದರು. ಹೊಸ ಚಪ್ಪಲಿ ನಮ್ಮನ್ನು ಕಚ್ಚುವ ಮೊದಲು ನಾವೇ ಅದನ್ನು ಒಮ್ಮೆ ಕಚ್ಚಬೇಕಂತೆ. ಆಮೇಲೆ ಅದು ಹೆದರಿಕೊಂಡು ಸುಮ್ಮನಿರುತ್ತದಂತೆ. ನಾನು ಅತ್ತೆಯ ಮುಖ ನೋಡಿದೆ, ತಮಾಷೆಯಲ್ಲ. ಮಗಳು ನಡೆದದ್ದು ನೆನಪಾಯಿತು. ಕಣ್ಣು ಮುಚ್ಚಿ ಬಾರಿನ ತುದಿ ಕಚ್ಚಿದೆ.

"ಹಂಗಲ್ಲ, ಜೋರಾಗಿ ಕಚ್ಚು. ಇನ್ನೊಂದನ್ನೂ ಕಚ್ಚು!" ಅಂತ ಅತ್ತೆ ಸೊಂಟದ ಮೇಲೆ ಕೈಯಿಟ್ಟು ಗದರಿಸುವಾಗಲೇ ಎದುರುಮನೆಯಾಕೆ ಹೆಪ್ಪಿಗೆ ಮಜ್ಜಿಗೆ ಕೇಳಲು ಒಳಗೆ ಬಂದಳು. ಅವಳ ತವರು ನಮ್ಮ ಪಕ್ಕದ ಹಳ್ಳಿ, ನನಗೆ ಈ ಸಂಬಂಧ ತಂದವಳೂ ಅವಳೇ. ನೋಡಿದಳು, ಬಟ್ಟಲು ಸೆರಗಿನಲ್ಲಿ ಮುಚ್ಚಿಕೊಂಡು ಹಾಗೇ ಹಿಂದಕ್ಕೆ ಹೋದಳು.

ಅರ್ಧ ಗಂಟೆಯಲ್ಲಿ ಅಮ್ಮನ ಫೋನು. "ಏನಮ್ಮ, ಆ ಮನೇಲಿ ನಿನ್ನ ಕೈಲಿ ಚಪ್ಪಲಿ ಕಚ್ಚಿಸ್ತಾರಂತೆ?"

"ಹೂಂ ಕಣಮ್ಮ. ಬೆಟ್ಟಕ್ಕೆ ನಡೀಬೇಕಲ್ಲ, ಹೊಸದು ಅಂತ."

ಅಮ್ಮ ದನಿ ತಗ್ಗಿಸಿ ಕೇಳಿದಳು. "ಹರಳೆಣ್ಣೆ ಹಚ್ಚೋಕೆ ಮುಂಚೆ ಕಚ್ಚಿದ್ಯಾ, ಆಮೇಲೆ ಕಚ್ಚಿದ್ಯಾ?"

"ಆಮೇಲೆ."

"ಅಯ್ಯೋ ಪೆದ್ದಿ, ಹಂಗಾದ್ರೆ ಇವತ್ತು ಮನೆ ಬಿಟ್ಟು ದೂರ ಎಲ್ಲೂ ಹೋಗ್ಬೇಡ."

ಹಿಮ್ಮಡಿಗೆ ಹೊಲಿಗೆ

ಹೊರಟೆವು. ಮುಂದೆ ಅತ್ತೆ, ಹಿಂದೆ ನಾನು, ನಮ್ಮ ಹಿಂದೆ ಹಾಸಿಗೆ, ಬುತ್ತಿ, ಮಗಳನ್ನು ಹೊತ್ತ ಆಟೋ. ರಸ್ತೆಯ ಎರಡೂ ಕಡೆ ಶೇಂಗಾ ಹೊಲ. ನಾನು ಕಡ್ಲೆಕಾಯಿ ಹೊಲ ಅಂದಾಗಲೆಲ್ಲ ಅತ್ತೆ "ಶೇಂಗಾ ಅನ್ನು" ಅಂತ ತಿದ್ದುತ್ತಿದ್ದರು. ಹತ್ತನೇ ಕ್ಲಾಸಿನ ತನಕ ಗುಡಿಬಂಡೆ ಸ್ಕೂಲಿಗೆ ದಿನಾ ನಡೆದವಳು ನಾನು, ನನಗೇನು ಅಂದುಕೊಂಡಿದ್ದೆ. ಆದರೆ ಅದು ಕೈಯಲ್ಲಿ ಪುಸ್ತಕವಿದ್ದ ಕಾಲ. ಹೆತ್ತ ಮೇಲಿನ ಮೈಯೇ ಬೇರೆ.

ಚಪ್ಪಲಿ ಕಚ್ಚಲಿಲ್ಲ, ಸುಳ್ಳು ಹೇಳಬಾರದು. ಮೊದಲನೆಯ ದಿನ ಕಾಲು ಹೂವಿನಂತಿತ್ತು. ಎರಡನೆಯ ದಿನ ಬಿಸಿಲಿಗೆ ಡಾಂಬರು ಕಾದು, ಟೈರು ಕಾದು, ಹಿಮ್ಮಡಿಯಲ್ಲಿ ಗೋಲಿಯಷ್ಟು ದಪ್ಪದ ಬೊಬ್ಬೆ ಎದ್ದವು. ತಂಗಿದ ಕಡೆ ಅತ್ತೆ ಸೂಜಿ ಕಾಯಿಸಿ, ಅರಿಶಿನದೆಣ್ಣೆಯಲ್ಲಿ ಅದ್ದಿದ ದಾರ ಪೋಣಿಸಿ, ಬೊಬ್ಬೆಯ ಈ ಕಡೆಯಿಂದ ಆ ಕಡೆಗೆ ದಾಟಿಸಿ ದಾರ ಅಲ್ಲೇ ಬಿಟ್ಟರು. ನೀರು ತಾನಾಗಿ ಇಳಿಯಬೇಕಂತೆ. ಚೀಲದಲ್ಲಿ ರವಿಕೆ ಹೊಲಿಯುವ ಹಸಿರು ದಾರ ಮಾತ್ರ ಇತ್ತು. ಮುಗಿದ ಮೇಲೆ ನೋಡಿದರೆ ಎರಡು ಹಿಮ್ಮಡಿಗೂ ಹಸಿರು ಕುಚ್ಚು.

"ಅತ್ತೆ, ಹೆಂಗೂ ಕೂತಿದ್ದೀರಿ, ಫಾಲ್ಸ್ ಹಚ್ಚಿ ಪಿಕೋನೂ ಮಾಡಿಬಿಡಿ" ಅಂದೆ.

ಅತ್ತೆ ತಲೆಯೆತ್ತದೆ ದಾರ ಕಡಿದರು. "ಮೊದ್ಲು ನಿನ್ನ ಬಾಯಿ ಹೊಲೀತೀನಿ. ದಾರ ಸಾಲಂಗಿಲ್ಲ ಅಂತ ಬಿಟ್ಟೀನಿ."

ಆಟೋದ ಸ್ಟೆಪ್ನಿ

ಕೊನೆಯ ದಿನ ಬೆಟ್ಟ ಕಾಣಿಸಿತು. ಕಾಣಿಸುವ ಬೆಟ್ಟ ಕಾಣದ ಬೆಟ್ಟಕ್ಕಿಂತ ದೂರ. ಒಂದೊಂದು ಹೆಜ್ಜೆಗೂ ಕೆಂಡ ತುಳಿದಂತೆ. ಅತ್ತೆಯೂ ಕುಂಟುತ್ತಿದ್ದರು, ಆದರೆ ನನಗೆ ಕಾಣಬಾರದು ಅಂತ ಸೀರೆ ಇಳಿಸಿಕೊಂಡು ನಡೆಯುತ್ತಿದ್ದರು. ನಮ್ಮನ್ನು ದಾಟಿ ಮುಂದೆ ಹೋಗಿದ್ದ ನಮ್ಮ ಆಟೋ ಬೇವಿನಮರದ ನೆರಳಲ್ಲಿ ನಿಂತಿತ್ತು. ನನ್ನ ಮನಸ್ಸು ಗಟ್ಟಿಯಾಯಿತು. ಸಾಕು, ಹತ್ತುತ್ತೇನೆ. ಮುಂದಿನ ವರ್ಷ ಹೊಸ್ತಿಲಿಂದ ಶುರು ಮಾಡಿದರಾಯಿತು, ದೇವರೇನು ಓಡಿಹೋಗುತ್ತಾನೆಯೇ? ಮಗಳ ಮುಖ ನೋಡುವುದಕ್ಕೆ ಮಾತ್ರ ನಾಚಿಕೆಯಾಗಿ ತಲೆ ತಗ್ಗಿಸಿಕೊಂಡೇ ಹತ್ತಿರ ಹೋದೆ.

ಆಟೋ ಒಂದು ಕಡೆಗೆ ವಾಲಿತ್ತು. ಹಿಂದಿನ ಚಕ್ರ ಪಂಕ್ಚರ್. ಗಂಡ ಹಾಸಿಗೆಗಳನ್ನೆಲ್ಲ ಕೆಳಗೆಸೆದು, ಸೀಟಿನ ಹಿಂದೆ ತಲೆ ತೂರಿಸಿ ಬದಲಿ ಚಕ್ರ ಹುಡುಕುತ್ತಿದ್ದರು.

"ಸ್ಟೆಪ್ನಿ ಎಲ್ಲಿ? ಇಲ್ಲೇ ಇತ್ತಲ್ಲ! ಯವ್ವಾ, ಸ್ಟೆಪ್ನಿ ನೋಡಿಯೇನು?"

ಅತ್ತೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಬಲಗಾಲು ಮುಂದಿಟ್ಟರು. "ಇದು ಅರ್ಧ." ನನ್ನ ಕಾಲು ತೋರಿಸಿದರು. "ಅಕಿ ಕಾಲಾಗ ಇನ್ನರ್ಧ. ಅದರ ಕಬ್ಬಿಣದ ಗಾಲಿ ಅಟ್ಟದ ಮ್ಯಾಲ ಭದ್ರ ಐತಿ, ಹೆದರಬ್ಯಾಡ."

ಗಂಡ ನಮ್ಮಿಬ್ಬರ ನಾಲ್ಕೂ ಕಾಲನ್ನು ಒಂದೊಂದಾಗಿ ನೋಡಿದರು.

"ಯಾಕ ಹಂಗ ನೋಡ್ತಿ? ಓಡೋ ಟೈರು ಬಿಚ್ಚಿದ್ರ ನೀ ಬೈತಿದ್ದಿ. ಇದು ಸುಮ್ನ ಕುಂತಿತ್ತು, ತಗೊಂಡೆ."

ನಾನು ಹತ್ತಬೇಕೆಂದಿದ್ದ ಗಾಡಿಯ ಚಕ್ರ ನನ್ನ ಕಾಲಲ್ಲೇ ಇತ್ತು. ಇನ್ನು ಹತ್ತುವುದೇನು? ಹೊಟ್ಟೆ ಹಿಡಿದುಕೊಂಡು ನಕ್ಕೆ, ನಗುತ್ತಲೇ ಅತ್ತುಬಿಟ್ಟೆ. ಅಲ್ಲೇ ಕುರಿ ಮೇಯಿಸುತ್ತಿದ್ದ ತಾತ ಬಂದು ನೋಡಿ, "ಹೋಗಿ ಬರ್ರಿ, ನಾ ನೋಡ್ಕೊಂತೀನಿ. ಇದು ಓಡಿ ಹೋಗಂಗಿಲ್ಲ, ಕುರಿಕಿಂತ ಸಲೀಸು" ಅಂದ. ಗಂಡ ಹಾಸಿಗೆ ತಲೆಯ ಮೇಲೆ ಹೊತ್ತರು. ಮಗಳು ಅವರ ಬೆರಳು ಹಿಡಿದು, "ಅಪ್ಪಾ, ನಡಿ" ಅಂದಳು. ಅವಳು ನಡೆಯುವುದನ್ನು ಹಿಂದಿನಿಂದ ನೋಡುತ್ತ ನನಗೆ ಬೊಬ್ಬೆಯ ನೆನಪೇ ಹೋಯಿತು.

ಗಂಡನಿಗೆ ಮಾತ್ರ ಸ್ವಲ್ಪ ದೂರದಲ್ಲೇ ಕಾಲು ಎಳೆಯಿತು. ದೇವರ ದರ್ಶನಕ್ಕೆ ಅಂತ ಹಿಂದಿನ ದಿನ ದಾರಿಯಲ್ಲಿ ಮಿರಿಮಿರಿ ಮಿಂಚುವ ಹೊಸ ಚಪ್ಪಲಿ ಕೊಂಡಿದ್ದರು. ಎಣ್ಣೆಯಿಲ್ಲ, ಬಿಸಿಲಿಲ್ಲ, ಹಾಗೇ ಕಾಲಿಗೆ. ಕುಂಟಿ ಕುಂಟಿ ಕೊನೆಗೆ ಮೈಲಿಕಲ್ಲಿನ ಮೇಲೆ ಕೂತುಬಿಟ್ಟರು.

"ಯವ್ವಾ, ಕಚ್ಚಾಕತ್ತೈತಿ."

"ನೀ ಮೊದ್ಲು ಕಚ್ಚಿದ್ದೇನು?"

"ಇಲ್ಲ."

"ಮತ್ತ ಅದು ಬಿಡತೈತೇನು? ತೆಗಿ. ಕಚ್ಚು!"

ಆ ಕಡೆ ಈ ಕಡೆ ನೋಡಿ, ಬಾಟಲಿ ನೀರಲ್ಲಿ ತೊಳೆದು, ಒಂದು ಚಪ್ಪಲಿ ಬಾಯಿಗಿಟ್ಟರು. ಅತ್ತೆ ಸೊಂಟದ ಮೇಲೆ ಕೈಯಿಟ್ಟು, "ಜೋರಾಗಿ! ಇನ್ನೊಂದನ್ನೂ!" ಅಂದರು. ನಾನೂ ಬಿಡುತ್ತೇನೆಯೇ, ಪಕ್ಕದಲ್ಲಿ ನಿಂತು, "ಹಂಗಲ್ಲ ರೀ, ಬಾರಿನ ತುದಿ ಕಚ್ಚಬೇಕು" ಅಂದೆ. ಸರಿಯಾಗಿ ಆಗಲೇ ಒಂದು ಶೇರ್ ಆಟೋ ಬಂದು ನಿಧಾನ ಮಾಡಿತು. ತುಂಬಿದ ಜನದ ನಡುವೆ ಒಂದು ಪರಿಚಿತ ಮುಖ, ಬೆಟ್ಟಕ್ಕೆ ಹೊರಟಿದ್ದ ನಮ್ಮ ಎದುರುಮನೆಯಾಕೆ. ನೋಡಿದಳು. ಈ ಸಲ ಸೆರಗು ಬಾಯಿಗೆ ಮುಚ್ಚಿಕೊಂಡಳು. ಆಟೋ ಮುಂದಕ್ಕೆ ಹೋಯಿತು.

ನಾವು ನಡೆದೇ ಮುಟ್ಟಿದೆವು. ಹರಕೆ ತೀರಿತು. ಆ ಟೈರಿನ ಚಪ್ಪಲಿ ಇನ್ನೂ ಸವೆದಿಲ್ಲ, ಅತ್ತೆಯ ಮಂಡಿಯೇ ಮೊದಲು ಸವೆಯಿತು. ಈಗ ಅವರು ಕಟ್ಟೆಯ ಮೇಲಿಂದ ಅದು ತೂಗುವ ಗಿಳಿಗೂಟದತ್ತ ನೋಡಿ, "ಇನ್ನೊಂದು ಸಲ ಹೋಗಿ ಬರ್ಬೇಕಿತ್ತು ನೋಡು" ಅನ್ನುವಾಗ ನಾನು ಜಗಳ ಮರೆತು ಸುಮ್ಮನೆ ಅವರ ಮಂಡಿಗೆ ಎಣ್ಣೆ ತಿಕ್ಕುತ್ತೇನೆ.

ಆವತ್ತು ಬೆಟ್ಟದ ಮೇಲೆ ಕಾಯಿ ಒಡೆಸಿ ಹೊರಗೆ ಬರುವಷ್ಟರಲ್ಲೇ ಫೋನು ಬಡಿದುಕೊಂಡಿತು. ಅಮ್ಮ.

"ಏನಮ್ಮ, ಅಳಿಯಂದಿರ ಕೈಲೂ ಚಪ್ಪಲಿ ಕಚ್ಚಿಸಿದ್ರಂತೆ? ಅದೂ ರಸ್ತೇಲಿ?"

"ಹೂಂ ಕಣಮ್ಮ. ಅತ್ತೇನೇ ನಿಂತು ಕಚ್ಚಿಸಿದ್ರು."

ಅಮ್ಮ ನೆಮ್ಮದಿಯಿಂದ ಉಸಿರು ಬಿಟ್ಟಳು.

"ಒಳ್ಳೇ ಮನೆ ಕಣಮ್ಮ. ಮಗ, ಸೊಸೆ ಅಂತ ಭೇದ ಮಾಡಲ್ಲ."