ಅವ್ವನಿಗೆ ಒಪ್ಪುವ ಚರ್ಚು

ನನ್ನಂಥ ತಿಳಿವಳಿಕಸ್ಥನಿಗೇ ಇಂಥವು ಯಾಕೆ ಆಗುತ್ತವೋ ಗೊತ್ತಿಲ್ಲ. ಬೇರೆಯವರು ಚರ್ಚಿಗೆ ಹೋಗುತ್ತಾರೆ, ಬರುತ್ತಾರೆ. ನಾನು ಹೋದರೆ ಮಾತ್ರ ಬರುವಾಗ ಒಂದು ಕತೆಯೂ ಹಿಂದೆ ಹತ್ತಿ ಬರುತ್ತದೆ.

ನಮ್ಮದು ಪರಶುರಾಂಪುರದ ಆಚೆ ಒಂದು ಕುರಿ ಸಾಕುವವರ ಹಟ್ಟಿ. ಅದರಲ್ಲಿ ನಮ್ಮ ಮನೆಯೂ ಸೇರಿ ಮೂರು ಮನೆ ಅಜ್ಜನ ಕಾಲದಿಂದ ಯೇಸುಸ್ವಾಮಿ ಒಕ್ಕಲು. ಭಾನುವಾರ ಒಬ್ಬ ಮುದಿ ಅಯ್ಯನವರು ಸೈಕಲ್ಲಿನಲ್ಲಿ ಬಂದು, ನಮ್ಮ ಬೇವಿನಮರದ ಕೆಳಗೆ ಪ್ರಾರ್ಥನೆ ಮಾಡಿಸಿ, ಮುದ್ದೆ ಉಂಡು ಹೋಗುತ್ತಿದ್ದರು. ಮಂಡಿನೋವು ಜಾಸ್ತಿಯಾಗಿ ಅವರು ಮಗಳ ಊರು ಸೇರಿದರು. ಆಮೇಲೆ ಅವ್ವನ ಭಾನುವಾರ ಬಣಗುಟ್ಟತೊಡಗಿತು. ಮರದ ಕೆಳಗೆ ಚಾಪೆ ಹಾಸುವಳು, ಹಾಡಲು ಬಾಯಿ ತೆರೆಯುವಳು, ಎರಡನೇ ಸಾಲಿಗೆ ಸುಮ್ಮನಾಗುವಳು.

ಒಂದು ದಿನ ಕರೆದು ಹೇಳಿದಳು: “ನಂಗೊಂದು ಚರ್ಚ್ ನೋಡಲೇ. ಚಪ್ಲಿ ಹೊರಗೆ ಬಿಟ್ಟು ನೆಲದ ಮ್ಯಾಲೆ ಕೂರಂಗಿರಬೇಕು. ಹೇಳಿದ್ದು ತಿಳೀಬೇಕು. ತಿಳೀಲಿಲ್ಲಾಂದ್ರೆ ಎದ್ದು ಕೇಳಂಗಿರಬೇಕು.”

“ಅಷ್ಟೇ ತಾನೆ? ಚಳ್ಳಕೆರೆ ಸಂತೆಯಾಗೆ ಹಲ್ಲು ನೋಡದೆ ಟಗರಿನ ವಯಸ್ಸು ಹೇಳೋನು ನಿನ್ನ ಮಗ. ಚರ್ಚ್ ಆರಿಸೋದೇನು ಮಹಾ!” ಅಂದೆ.

ಹಾಗೆ ನಾನು ಆರಿಸಿ ತಂದ ‘ಎಳೇ ಟಗರು’ ಮನೆಗೆ ಬಂದ ಮೇಲೆ ಮೇವು ಅಗಿಯಲಾರದೆ ನಿಂತ ಮಾತನ್ನು ಅವ್ವ ಎತ್ತಲಿಲ್ಲ. ಅದು ಅವಳ ದೊಡ್ಡತನ.

ಬಿಳಿ ಅಂಗಿಯವರ ಹಿಂದೆ

ಟಿವಿಎಸ್ಸಿನ ಹಿಂದೆ ಅವ್ವನನ್ನು ಕೂರಿಸಿಕೊಂಡು ಮೊದಲು ಚಳ್ಳಕೆರೆಯ ಒಂದು ದೊಡ್ಡ ಚರ್ಚಿಗೆ ಹೋದೆ. ಒಳಗೆಲ್ಲ ಬೆಂಚು.

“ದೇವರ ಮುಂದೆ ಕಾಲು ಇಳಿಬಿಟ್ಕೊಂಡು ಕೂರಾದೇನಲೇ?” ಅಂದವಳೇ ಅವ್ವ ಎರಡು ಬೆಂಚಿನ ನಡುವೆ ನೆಲದ ಮೇಲೆ ಕೂತುಬಿಟ್ಟಳು. ಇಡೀ ಆರಾಧನೆಯಲ್ಲಿ ಅವಳಿಗೆ ಕಂಡಿದ್ದು ಮುಂದಿನ ಬೆಂಚಿನ ಬೆನ್ನು ಮಾತ್ರ.

ನನ್ನ ಕಷ್ಟ ಬೇರೆ. ಅಲ್ಲಿನವರು ಒಮ್ಮೆ ಏಳುತ್ತಾರೆ, ಒಮ್ಮೆ ಕೂರುತ್ತಾರೆ, ಒಮ್ಮೆ ಮಂಡಿಯೂರುತ್ತಾರೆ. ಯಾವಾಗ ಯಾವುದು ಅಂತ ಯಾರೂ ಕೂಗಿ ಹೇಳುವುದಿಲ್ಲ. ಒಂದು ಸಲವಂತೂ ಚರ್ಚಿಗೆ ಚರ್ಚೇ ಮಂಡಿಯೂರಿತು. ಫಾದರೂ ನಾನೂ ಇಬ್ಬರೇ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ನನ್ನ ತಲೆ ಸುಮ್ಮನಿರುತ್ತದೆಯೇ? ತಕ್ಷಣ ಉಪಾಯ ಹೊಳೆಯಿತು. ಮುಂದಿನ ಬೆಂಚಿನಲ್ಲಿ ಬಿಳಿ ಅಂಗಿಯ ಹಿರಿಯರೊಬ್ಬರಿದ್ದರು. ಎಲ್ಲವನ್ನೂ ಬಲ್ಲವರಂತೆ ಕಂಡರು. ಅವರು ಮಾಡಿದ್ದನ್ನೇ ಮಾಡುವುದು ಅಂತ ನಿಶ್ಚಯಿಸಿದೆ. ಅವರು ಕೂತರು, ಕೂತೆ. ಎದ್ದರು, ಎದ್ದೆ. ಬೆಂಚಿನಿಂದ ಹೊರಬಂದು ತಲೆ ತಗ್ಗಿಸಿ ಪಕ್ಕದ ಬಾಗಿಲ ಕಡೆ ನಡೆದರು. ಇದು ಯಾವುದೋ ಮುಖ್ಯವಾದ ಘಟ್ಟ ಅಂದುಕೊಂಡು ನಾನೂ ಕೈ ಜೋಡಿಸಿ, ತಲೆ ತಗ್ಗಿಸಿ ಹಿಂದೆಯೇ ನಡೆದೆ. ಅವರು ಕಾಂಪೌಂಡಿನ ಮೂಲೆಯ ಗೋಡೆಗೆ ಮುಖ ಮಾಡಿ ನಿಂತರು. ನಾನೂ ಪಕ್ಕದಲ್ಲಿ ಭಕ್ತಿಯಿಂದ ನಿಂತೆ.

ಅವರು ನನ್ನ ಜೋಡಿಸಿದ ಕೈ ನೋಡಿದರು, ಮುಖ ನೋಡಿದರು.

“ಈ ವಯಸ್ಸಿಗೇ ನಿಂಗೂ ಸಕ್ಕರೆ ಕಾಯಿಲೇನಾ ತಮ್ಮಾ?” ಅಂದರು.

ನನ್ನ ಪಾಪಗಳು

ಎರಡನೆಯದೂ ಚಳ್ಳಕೆರೆಯಲ್ಲೇ, ಟೈರ್ ಅಂಗಡಿಯ ಮಹಡಿ ಮೇಲಿನ ಒಂದು ಹಾಲ್. ಚಾಪೆ ಹಾಸಿತ್ತು, ಚಪ್ಪಲಿ ಮೆಟ್ಟಿಲ ಮೇಲಿತ್ತು, ಕನ್ನಡದಲ್ಲೇ ಪ್ರಾರ್ಥನೆ. ಅವ್ವನ ಮುಖ ಅರಳಿತು. ನನಗೆ ಡೋಲಕ್ಕಿನ ಸದ್ದು ಕೇಳಿಯೇ ಅರ್ಧ ಒಪ್ಪಿಗೆಯಾಯಿತು.

ಆಮೇಲೆ ಸಾಕ್ಷಿ ಹೇಳುವ ಹೊತ್ತು ಬಂತು. ಅಂದರೆ, ತಾನು ಮೊದಲು ಎಂಥವನಾಗಿದ್ದೆ, ದೇವರು ಹೇಗೆ ತಿದ್ದಿದ ಅಂತ ಒಬ್ಬೊಬ್ಬರೇ ಎದ್ದು ಮೈಕಿನಲ್ಲಿ ಹೇಳುವುದು. ಒಬ್ಬ ಎದ್ದು, ಕುಡಿದು ಚರಂಡಿಯಲ್ಲಿ ಬಿದ್ದಿರುತ್ತಿದ್ದೆ ಅಂದ. “ಸ್ತೋತ್ರ!” ಅಂತ ಚಪ್ಪಾಳೆ. ಇನ್ನೊಬ್ಬ ಇಸ್ಪೀಟಿನಲ್ಲಿ ಎತ್ತು ಕಳೆದಿದ್ದೆ ಅಂದ. ಇನ್ನೂ ಜೋರು ಚಪ್ಪಾಳೆ. ಅವನು ನಮ್ಮ ಪಕ್ಕದ ಹಟ್ಟಿಯವನು ಬೇರೆ.

ಮೈಕು ನನ್ನ ಕೈಗೆ ಬಂತು. ನೋಡಿದರೆ, ಹೇಳಿಕೊಳ್ಳುವಂಥ ಪಾಪ ನನ್ನ ಹತ್ತಿರ ಒಂದೂ ಇಲ್ಲ! ಹಾಗಂತ ಪಕ್ಕದ ಹಟ್ಟಿಯವನು ನನಗಿಂತ ದೊಡ್ಡ ಪಾಪಿ ಅನ್ನಿಸಿಕೊಂಡು ಹೋಗುವುದೆಂದರೇನು?

“ಆಂಧ್ರ ಗಡಿಯಲ್ಲಿ ನನ್ನ ಹೆಸರು ಕೇಳಿದ್ರೆ ಲಾರಿಗಳು ತಾವಾಗೇ ನಿಲ್ತಿದ್ವು,” ಅಂದೆ. ಸಭೆ ಉಸಿರು ಬಿಗಿಹಿಡಿಯಿತು. ನನಗೆ ಉತ್ಸಾಹ ಬಂತು. “ಎಷ್ಟು ಮಂದಿ ಕೈಕಾಲು ಮುರಿದಿದೀನೋ ನಂಗೇ ನೆನಪಿಲ್ಲ. ಪೊಲೀಸರು ನನ್ನ ಕಂಡ್ರೆ...”

ಹೆಂಗಸರ ಕಡೆಯಿಂದ ಅವ್ವ ಎದ್ದು ನಿಂತಳು.

“ಸುಳ್ಳು ಅಯ್ನೋರೆ! ಮನೇಲಿ ಕೋಳಿ ಕುಯ್ಯೋವಾಗ ಕಣ್ಣು ಮುಚ್ಕಂಡು ಹಿತ್ತಲಿಗೆ ಓಡೋನು ಇವನು! ಲಾರಿ ಹಾರನ್ ಹೊಡೆದ್ರೆ ಬದುವಿಗೆ ಹಾರ್ತಾನೆ!”

ಪಾಸ್ಟರು ಗಲಿಬಿಲಿಯಿಂದ ನನ್ನನ್ನೂ ಅವ್ವನನ್ನೂ ನೋಡಿದರು. ಆಮೇಲೆ ಸಮಾಧಾನವಾಗಿ, “ಚಿಂತೆ ಬೇಡ ತಮ್ಮಾ. ಸುಳ್ಳು ಹೇಳಿದಿಯಲ್ಲ, ಈಗ ನಿನ್ನ ಹತ್ರಾನೂ ಒಂದು ಪಾಪ ಆಯ್ತು. ಅದನ್ನೇ ಸಾಕ್ಷಿ ಹೇಳು,” ಅಂದರು.

ಹೇಳಿದೆ. ಅವತ್ತಿನ ಚಪ್ಪಾಳೆಯಲ್ಲೆಲ್ಲ ಅದೇ ಜೋರು. ಆದರೆ ಟಿವಿಎಸ್ ಹತ್ತುವಾಗ ಅವ್ವ, “ಬ್ಯಾಡ. ವಾರ ವಾರ ಇಲ್ಲಿಗೆ ಬಂದ್ರೆ ನೀನು ಕೆಟ್ಟೇ ಹೋಗ್ತೀಯ,” ಅಂದಳು.

ಮೊಳಕಾಲ್ಮುರಿನಲ್ಲಿ ನನ್ನ ತೆಲುಗು

ಮೊಳಕಾಲ್ಮುರಿನಲ್ಲಿ ನೇಯುವವರ ಮನೆಯೊಂದರ ಪಡಸಾಲೆಯಲ್ಲಿ ಪ್ರಾರ್ಥನೆ ನಡೆಯುತ್ತದೆ ಅಂತ ಕೇಳಿ ಅಷ್ಟು ದೂರ ಹೋದೆವು. ಮಗ್ಗವನ್ನು ಬಟ್ಟೆ ಮುಚ್ಚಿ ಬದಿಗೆ ಬಿಟ್ಟು, ಉಳಿದ ಜಾಗದಲ್ಲಿ ಒತ್ತೊತ್ತಾಗಿ ಕೂತಿದ್ದರು. ಅವ್ವನಿಗೆ ತಕ್ಷಣ ಜಾಗ ಮಾಡಿಕೊಟ್ಟರು. ಆದರೆ ಹಾಡು, ಪ್ರಾರ್ಥನೆ ಎಲ್ಲ ತೆಲುಗು.

ಅವತ್ತು ಆಂಧ್ರದಿಂದ ಬೋಧಕರೊಬ್ಬರು ಬಂದಿದ್ದರು. ಎದ್ದು ನಿಂತು, ಕನ್ನಡ ಯಾರಿಗೆ ಬೇಕು ಅಂತ ತೆಲುಗಿನಲ್ಲಿ ಕೇಳಿದರು. ಪಕ್ಕದವರು ತಿಳಿಸಿದ ಮೇಲೆ ಅವ್ವ ಒಬ್ಬಳೇ ಕೈ ಎತ್ತಿದಳು. ಬೋಧಕರು ಇನ್ನೇನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಾನು ಮೈಕಿನ ಪಕ್ಕದಲ್ಲಿದ್ದೆ. ಚಳ್ಳಕೆರೆ ಟಾಕೀಸಿಗೆ ಬಂದ ತೆಲುಗು ಸಿನಿಮಾ ಒಂದನ್ನೂ ಬಿಟ್ಟವನಲ್ಲ ನಾನು.

ಬೋಧಕರು ಶುರು ಮಾಡಿದರು. ಸಿನಿಮಾದಲ್ಲಿ ಬರುವ ಮಾತು ಒಂದೂ ಅವರ ಬಾಯಲ್ಲಿ ಬರಲಿಲ್ಲ. ಒಂದು ಸವಾಲಿಲ್ಲ, ಒಂದು ಬೈಗುಳವಿಲ್ಲ. ನಾನು ಎಲ್ಲಿಂದ ಹಿಡಿಯಲಿ? ಅವರು ಉದ್ದಕ್ಕೆ ಮಾತಾಡಿ ನಿಲ್ಲಿಸಿ ನನ್ನ ಕಡೆ ನೋಡಿದರು.

“ಎಲ್ಲರೂ ಒಳ್ಳೇರಾಗಿರಬೇಕು ಅಂತಿದಾರೆ,” ಅಂದೆ.

ಇನ್ನೂ ಉದ್ದಕ್ಕೆ ಮಾತಾಡಿದರು.

“ಅದನ್ನೇ ಇನ್ನೊಂದ್ಸಲ ಅಂತಿದಾರೆ.”

ಆಮೇಲೆ ಅವರ ಕಣ್ಣಲ್ಲಿ ನೀರು ಬಂತು.

“ಈಗ ಅಳ್ತಿದಾರೆ.”

“ಅದು ಕಾಣ್ತೈತಲೇ!” ಅಂದಳು ಅವ್ವ ಕೆಳಗಿನಿಂದ. “ಯಾಕೆ ಅಂತ ಹೇಳು!”

ಪಡಸಾಲೆಯಲ್ಲಿ ಕೂತವರಿಗೆಲ್ಲ ಎರಡೂ ಭಾಷೆ ಬರುತ್ತಿತ್ತು, ಅವ್ವನಿಗೆ ಮಾತ್ರ ಕನ್ನಡ ಒಂದೇ. ಉಳಿದವರೆಲ್ಲ ಸೆರಗು, ಟವಲು ಬಾಯಿಗೆ ಅಡ್ಡ ಹಿಡಿದಿದ್ದರು. ಕೊನೆಗೆ ಮನೆಯೊಡತಿಯೇ ಅವ್ವನ ಪಕ್ಕ ಸರಿದು ಕಿವಿಯಲ್ಲಿ ಕನ್ನಡ ಹೇಳತೊಡಗಿದಳು. ನಾನು ಮಾತ್ರ ಬಿಡಲಿಲ್ಲ. ಕೊನೆಯವರೆಗೂ ಮೈಕಿನಲ್ಲಿ ಹೇಳಿದೆ.

ಮುಗಿದ ಮೇಲೆ ಬೋಧಕರು ನನ್ನ ಕೈ ಕುಲುಕಿದರು. ಸ್ವಚ್ಛ ಕನ್ನಡದಲ್ಲಿ, “ನಾನೇ ಎರಡರಲ್ಲೂ ಹೇಳೋಣ ಅಂತಿದ್ದೆ ತಮ್ಮಾ. ನಿಮ್ಮ ಹುರುಪು ನೋಡಿ ಸುಮ್ಮನಾದೆ,” ಅಂದರು.

“ಮಂದಿ ಬಂಗಾರದಂಥೋರು. ಆದ್ರೆ ನನ್ನೊಬ್ಬಳಿಗೋಸ್ಕರ ಎಲ್ರೂ ನಾಲಿಗೆ ತಿರುಗಿಸೋದು ಬ್ಯಾಡ,” ಅಂದಳು ಅವ್ವ. “ಮರದ ಕೆಳಗೇ ಕೂರ್ತೀನಿ ಬಿಡು,” ಅಂತ ಊರು ಹತ್ತಿರ ಬಂದಾಗ ಅಂದಳು. ಅದು ನನಗೆ ಚುಚ್ಚಿತು. ನಾನು ಹುಡುಕಿ ಸಿಗದೇ ಇರುವುದು ಅಂತ ಒಂದಿರಬಹುದೇ?

ತೊಂಬತ್ತೊಂಬತ್ತು

ತಳಕಿನ ಕಡೆ ಒಂದು ಹಟ್ಟಿಯಲ್ಲಿ ತಗಡಿನ ಮಾಡಿನ ಪುಟ್ಟ ಚರ್ಚು ಇದೆ ಅಂತ ಗೊತ್ತಾಯಿತು. ಇದೇ ಕೊನೆ ಅಂತ ಆಣೆ ಮಾಡಿ ಅವ್ವನನ್ನು ಹೊರಡಿಸಿದೆ. ಅಲ್ಲಿ ನೆಲ, ಚಾಪೆ, ಕನ್ನಡ. ಬಂದವರೆಲ್ಲ ನಮ್ಮ ಹಾಗೇ ಕುರಿಯವರು. ಕೆಲವರು ಕುರಿಗಳನ್ನೂ ಹೊಡೆದುಕೊಂಡೇ ಬಂದು, ಗೋಡೆ ಪಕ್ಕದ ಮುಳ್ಳುಬೇಲಿಯೊಳಗೆ ಕೂಡಿದ್ದರು.

ಪಾಸ್ಟರು ಮಾತ್ರ ಹೊಸಬರು, ಪಟ್ಟಣದಲ್ಲಿ ಓದಿ ಬಂದ ಹುಡುಗ. ಕುರಿಯವರಿಗೆ ಕುರಿಯ ಕತೆಯೇ ಸರಿ ಅಂತ ಅವರು ಯೋಚಿಸಿದ್ದಿರಬೇಕು.

“ಒಬ್ಬನಿಗೆ ನೂರು ಕುರಿ. ಒಂದು ತಪ್ಪಿಸಿಕೊಂಡಿತು. ಅವನು ಉಳಿದ ತೊಂಬತ್ತೊಂಬತ್ತನ್ನೂ ಅಡವಿಯಲ್ಲೇ ಬಿಟ್ಟು, ಅದೊಂದನ್ನೇ ಹುಡುಕಿಕೊಂಡು ಹೋದ!” ಅಂತ ಎರಡೂ ಕೈ ಚಾಚಿ, ಸ್ತೋತ್ರಕ್ಕಾಗಿ ಕಾದರು.

ಸ್ತೋತ್ರ ಬರಲಿಲ್ಲ. ಜನ ಮುಖ ಮುಖ ನೋಡಿಕೊಂಡರು. ಒಬ್ಬ ಮುದುಕ, “ಥೋ ಥೋ,” ಅಂದ.

ಅವ್ವ ಎದ್ದಳು. ನಾನು ಸೆರಗು ಎಳೆದೆ. “ಸುಮ್ಕಿರವ್ವ.”

“ತಿಳೀದಿದ್ರೆ ಕೇಳಬ್ಯಾಡವೇನಲೇ? ಅಯ್ನೋರೆ, ಉಳಿದವನ್ನ ಯಾರತ್ರ ಬಿಟ್ಟು ಹೋದ?”

ಪಾಸ್ಟರು ತಡವರಿಸಿದರು. “ದೇವರು ನೋಡ್ಕೊಂಡ, ಅವ್ವ.”

“ಹಂಗಾದ್ರೆ ಕಳೆದಿದ್ದನ್ನೂ ದೇವರೇ ನೋಡ್ಕಂತಿದ್ದನಲ್ಲ, ಇವನ್ಯಾಕೆ ಹೋದ?” ಅಂದ ಮುದುಕ.

“ನಾಯಿ ಇತ್ತೇನೋ,” ಅಂದ ಒಬ್ಬ.

“ತೋಳ ಬಂದ್ರೆ ಒಂದು ನಾಯಿ ಏನು ಮಾಡ್ತೈತೆ ಬಿಡಲೇ,” ಅಂದ ಇನ್ನೊಬ್ಬ. “ಅಯ್ನೋರೆ, ಹಿಂಡು ಯಾವ ಕಡೆ ಮುಖ ಮಾಡಿತ್ತು?”

ಪಾಸ್ಟರಿಗೆ ಬೆವರು ಇಳಿಯಿತು. ಇದೂ ಕೈಬಿಟ್ಟಿತು ಅಂದುಕೊಂಡು ನಾನು ಟಿವಿಎಸ್ ಕೀಲಿ ಕೈಗೆ ತೆಗೆದುಕೊಂಡೆ. ಆದರೆ ಆ ಹುಡುಗ ನಿಂತಲ್ಲಿಂದ ಬಂದು ಚಾಪೆಯ ಮೇಲೆ ಅವ್ವನ ಎದುರಿಗೇ ಕೂತ.

“ನಂಗೆ ಕುರಿ ಗೊತ್ತಿಲ್ಲ ಅವ್ವ. ನೀವೇ ಹೇಳ್ರಿ. ಅವನು ಏನು ಮಾಡಿರ್ತಾನೆ?”

ಅವ್ವ ಯೋಚನೆ ಕೂಡ ಮಾಡಲಿಲ್ಲ. “ಮಗನ್ನ ಬಿಟ್ಟು ಹೋಗಿರ್ತಾನೆ. ‘ಇಲ್ಲೇ ಇವುಗಳ ಜೊತೆಗಿರಪ್ಪ’ ಅಂತ ಮಗನಿಗೆ ಹೇಳಿ ತಾನು ಹೋಗಿರ್ತಾನೆ. ಇನ್ನೇನು ಮಾಡ್ತಾನೆ?”

“ದೇವರೂ ತನ್ನ ಮಗನ್ನೇ ನಮ್ಮ ಜೊತೆ ಬಿಟ್ಟನಲ್ಲ!” ಅಂದರು ಪಾಸ್ಟರು. ಆಮೇಲೆ ಮೆಲ್ಲಗೆ “ಸ್ತೋತ್ರ” ಅಂದರು. ಜನ ಕೂಗಿದ ಕೂಗಿಗೆ ತಗಡು ನಡುಗಿತು. ನಾನು ಎದೆ ಉಬ್ಬಿಸಿ ಅಕ್ಕಪಕ್ಕದವರಿಗೆ, “ನಮ್ಮವ್ವ! ಕರ್ಕಂಡು ಬಂದೋನು ನಾನೇ!” ಅಂದೆ.

“ಆ ಮಗ ಎಂಥವನಿರಬೇಕು!” ಅಂದರು ಪಾಸ್ಟರು.

“ಅದೇ ಮತ್ತೆ,” ಅಂದಳು ಅವ್ವ. “ಎಲ್ಲಾ ಮಕ್ಕಳೂ ಹಂಗಿರಲ್ಲ. ನಾನೂ ಒಂದ್ಸಲ ಇವನ್ನ ಬಿಟ್ಟು ಮರಿ ಹುಡುಕಾಕೆ ಹೋಗಿದ್ದೆ. ಮರಿ ಸಿಕ್ತು. ಬಂದು ನೋಡಿದ್ರೆ ಉಳಿದವೆಲ್ಲ ಯಾರದೋ ಶೇಂಗಾ ಹೊಲದಾಗೆ, ಇವನು ಜಾಲಿ ಮರದ ಕೆಳಗೆ ಗೊರಕೆ!”

ಜನ ನಕ್ಕರು, ಪಾಸ್ಟರು ಕಣ್ಣೊರೆಸಿಕೊಂಡು ನಕ್ಕರು. ಆಮೇಲಿನ ಹಾಡನ್ನು ಅವ್ವ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಹಾಡಿದಳು. “ಇದೇ ಆಗ್ತೈತೆ ಕಣಲೇ,” ಅಂದಳು. ನಾನು ಹುಡುಕಿದ್ದು ಗೆದ್ದಂತೆಯೋ, ನನ್ನ ಮಾನ ಹೋದಂತೆಯೋ, ನನಗೆ ಇವತ್ತಿಗೂ ಬಗೆಹರಿದಿಲ್ಲ.

ಕೊನೆಯ ಪ್ರಾರ್ಥನೆಗೆ ಮೊದಲು ಪಾಸ್ಟರು, “ಅವ್ವ ಕಲಿಸಿದ ಮೇಲೆ ನಾನೂ ಕಲೀಬೇಕಲ್ಲ. ಎಲ್ಲರೂ ಕಣ್ಣು ಮುಚ್ಚಿದಾಗ ಹೊರಗಿನ ಕುರಿ ನೋಡೋಕೆ ಒಬ್ಬರು ನಿಲ್ಲಿ,” ಅಂದರು. ಹೋದ ಮಾನ ಹಿಡಿಯಲು ಇದೇ ಸಮಯ ಅಂತ ಎಲ್ಲರಿಗಿಂತ ಮೊದಲು ಕೈ ಎತ್ತಿ, ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತೆ.

ಒಳಗೆ ಎಲ್ಲರ ಕಣ್ಣು ಮುಚ್ಚಿದವು. ಅವ್ವನ ದನಿ ಎಲ್ಲರಿಗಿಂತ ಮೇಲೆ ಎದ್ದಿತು:

“ಸ್ವಾಮೀ, ಹೊರಗೆ ಕುರಿ ಕಾಯಾಕೆ ನನ್ನ ಮಗನ್ನ ನಿಲ್ಸಿದಾರೆ. ಇವತ್ತು ಮಾತ್ರ ನೀನೇ ಬಂದು ನಿಂತ್ಕಳಪ್ಪಾ.”

ಇಡೀ ಸಭೆ ಒಂದೇ ಉಸಿರಿಗೆ “ಆಮೆನ್” ಅಂದಿತು.